‘ಬೊಡ್ಚಿ’ ಎನ್ನಬಲ್ಲ ಟ್ಯಾಬ್: ಆಟಿಸಂ ಮಕ್ಕಳ ಥೆರಪಿಯ ಬಗ್ಗೆ ಉಡುಪಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಉಡುಪಿ ಜಿಲ್ಲೆ ಇವರಿಗೆ

ಮಾನ್ಯರೇ,

ನಾನು ಹೆಬ್ರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ 9 ವರ್ಷದ ಮಗನಿಗೆ ಆಟಿಸಂ ಇದೆ. ಬಾಯಿಮಾತು ಇನ್ನೂ ಬಂದಿಲ್ಲ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ತನ್ನ ವಿಷಯದಲ್ಲಿ ಊರಿಗೆ ಎಷ್ಟು ತಿಳಿಯಬೇಕು ಎಂಬುದನ್ನು ಮುಂದೊಂದು ದಿನ ಅವನೇ ತೀರ್ಮಾನಿಸಲಿ ಎಂಬುದು ನನ್ನ ಆಸೆ.

ಇಂಥ ಮಕ್ಕಳಿಗಾಗಿ ಹಣ ತೆಗೆದಿರಿಸುವ ಮಾತು ಬಂದಾಗಲೆಲ್ಲ, ಅದು ಸರಕಾರದ ಅನುದಾನವಿರಲಿ, 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಸಂಸ್ಥೆಗಳು ಲಾಭದ ಶೇ. 2ರಷ್ಟನ್ನು ಮೀಸಲಿಡಬೇಕಾದ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿರಲಿ, ಎಲ್ಲರ ಕಣ್ಣು ಮೊದಲು ಹೋಗುವುದು ಉದ್ಘಾಟನೆಗೆ ಒದಗುವ ವಸ್ತುಗಳ ಕಡೆಗೆ: ಬಣ್ಣದ ದೀಪಗಳ ಕೋಣೆ, ಗೋಡೆಯಗಲದ ಟಚ್‌ಸ್ಕ್ರೀನ್, ಕೈಯಾಡಿಸುವ ರೋಬೋಟ್. ತಂತ್ರಜ್ಞಾನ ಬೇಡವೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನನ್ನ ಮಗ ಮಾತಾಡುವುದೇ ಒಂದು ಟ್ಯಾಬ್ ಮೂಲಕ. ಆದರೆ ಜಿಲ್ಲೆಯ ಹಣ ಯಾವ ತಂತ್ರಜ್ಞಾನಕ್ಕೆ ಮೊದಲು ಸಲ್ಲಬೇಕು ಎಂಬ ಬಗ್ಗೆ ಆರು ವರ್ಷಗಳ ಅಲೆದಾಟದಿಂದ ನನಗೆ ಒಂದು ಖಚಿತ ಅಭಿಪ್ರಾಯ ಮೂಡಿದೆ. ಮಗುವಿನ ಮನೆಯೊಳಗೆ ಬರುವ, ಮನೆಯ ಭಾಷೆಯಲ್ಲಿ ಮಾತಾಡುವ, ಅಂಗನವಾಡಿ ಕಾರ್ಯಕರ್ತೆಯ ಕೈಗೂ ಅಜ್ಜಿಯ ಕೈಗೂ ಒಗ್ಗುವ ತಂತ್ರಜ್ಞಾನಕ್ಕೆ ಅದು ಸಲ್ಲಬೇಕು.

ಮಗನಿಗೆ ಮೂರೂವರೆ ವರ್ಷವಾದಾಗ ಮಂಗಳೂರಿನ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದೆವು. ಬುಧವಾರ ಅವನ ಅಪ್ಪ ರಜೆ ಹಾಕಿ ಕರೆದೊಯ್ಯುತ್ತಿದ್ದರು, ಶನಿವಾರ ಮಧ್ಯಾಹ್ನದ ಮೇಲೆ ನಾನು. ಕಾರ್ಕಳದ ದಾರಿಯಾಗಿ ಬಸ್ಸಿನಲ್ಲಿ ಹೋಗುವುದಕ್ಕೇ ಎರಡು ಗಂಟೆಗೆ ಮೇಲೆ. ಥೆರಪಿ 45 ನಿಮಿಷ. ಅಲ್ಲಿ ಮಗುವನ್ನು ಟ್ಯಾಬ್ ಎದುರು ಕೂರಿಸುತ್ತಿದ್ದರು. ‘ಟಚ್ ಬ್ಲೂ’ ಎಂದು ಅದು ಹೇಳುತ್ತದೆ, ನಾಲ್ಕು ಬಣ್ಣಗಳಲ್ಲಿ ನೀಲಿಯನ್ನು ಮುಟ್ಟಿದರೆ ನಕ್ಷತ್ರ ಸಿಡಿಯುತ್ತದೆ, ಚಪ್ಪಾಳೆ ಕೇಳುತ್ತದೆ. ತಿಂಗಳ ಕೊನೆಗೆ ನಮ್ಮ ಮೊಬೈಲಿಗೆ ಗ್ರಾಫ್ ಬರುತ್ತಿತ್ತು. ನಾಲ್ಕನೆಯ ತಿಂಗಳಲ್ಲಿ ನೀಲಿಗೆ ಶೇ. 90 ಅಂಕ. ಆ ದಿನ ಸಂಜೆ ಬಚ್ಚಲಿನ ಬಳಿ ನಿಂತು, ‘ನೀಲಿ ಬಕೆಟ್ ತಾ ಮಗಾ’ ಎಂದು ಕನ್ನಡದಲ್ಲೂ ತುಳುವಿನಲ್ಲೂ ಹೇಳಿದೆ. ಅವನಿಗೆ ನಾನು ಏನು ಹೇಳುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಅವನು ಕಲಿತದ್ದು ನೀಲಿಯನ್ನಲ್ಲ. ಆ ಪರದೆಯ ಮೇಲೆ, ಆ ದನಿಗೆ, ಆ ಚೌಕವನ್ನು ಮುಟ್ಟುವುದನ್ನು. ಕಲಿತದ್ದು ಒಂದು ಸ್ಥಳದಿಂದ ಇನ್ನೊಂದಕ್ಕೆ ದಾಟದೆ ಹೋಗುವುದು ಆಟಿಸಂ ಇರುವ ಮಕ್ಕಳ ಕಲಿಕೆಯ ಬಹು ದೊಡ್ಡ ತೊಡಕು ಎಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಿದ್ದೂ ದಾಟುವ ಸೇತುವೆ ಕಟ್ಟದೆ ಅಂಕವನ್ನಷ್ಟೇ ಏರಿಸುವ ಯಂತ್ರವನ್ನು ನಾವು ಪ್ರಗತಿ ಎಂದು ನಂಬಿ ಒಂದು ವರ್ಷ ಕಳೆದೆವು. ಮಗುವಿನ ಆ ವಯಸ್ಸಿನ ಒಂದು ವರ್ಷ ಚಿಕ್ಕದಲ್ಲ.

ಆಮೇಲೆ ಸಿಕ್ಕಿದ ಥೆರಪಿಸ್ಟ್ ಮೊದಲ ದಿನ ಯಾವ ಉಪಕರಣವನ್ನೂ ಹೊರತೆಗೆಯಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಕೊಟ್ಟರು. ಮಗ ಕೈ ಕಚ್ಚಿಕೊಳ್ಳುವ ಮೊದಲು ಏನು ನಡೆದಿತ್ತು, ಅವನು ಮಾಡಿದ್ದೇನು, ಅದರ ನಂತರ ಏನಾಯಿತು ಎಂದು ಎರಡು ವಾರ ಬರೆಯಬೇಕು. ವರ್ತನಾ ಚಿಕಿತ್ಸೆಯ ಅಡಿಗಲ್ಲು ಇಷ್ಟೇ. ಬರೆಯುತ್ತ ಹೋದಂತೆ ನನ್ನ ಕಣ್ಣಿಗೇ ಕಾಣತೊಡಗಿತು: ಬೇಡದ ತಿಂಡಿ ತಟ್ಟೆಗೆ ಬಿದ್ದಾಗ, ಮಿಕ್ಸಿ ಸದ್ದು ನಿಲ್ಲದಿದ್ದಾಗ, ನೆಂಟರು ಎತ್ತಿಕೊಳ್ಳಲು ಬಂದಾಗ ಅವನು ಕಚ್ಚಿಕೊಳ್ಳುತ್ತಿದ್ದ, ಕಚ್ಚಿಕೊಂಡೊಡನೆ ನಾವು ಗಾಬರಿಯಾಗಿ ತಟ್ಟೆ ತೆಗೆಯುತ್ತಿದ್ದೆವು, ಮಿಕ್ಸಿ ನಿಲ್ಲಿಸುತ್ತಿದ್ದೆವು, ನೆಂಟರನ್ನು ದೂರ ಸರಿಸುತ್ತಿದ್ದೆವು. ಮಣಿಕಟ್ಟಿನ ಮೇಲಿನ ಆ ಹಲ್ಲಿನ ಗುರುತುಗಳು ಅವನ ಪಾಲಿಗೆ ಒಂದು ಪದವಾಗಿದ್ದವು. ತುಳುವಿನಲ್ಲಿ ಆ ಪದ ‘ಬೊಡ್ಚಿ’, ಎಂದರೆ ಬೇಡ.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1985ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದರು. ತೊಂದರೆಯ ವರ್ತನೆ ಮಗುವಿಗೆ ಏನನ್ನು ದೊರಕಿಸಿಕೊಡುತ್ತಿದೆ ಎಂದು ಮೊದಲು ಗುರುತಿಸಿ, ಅದನ್ನೇ ಕೇಳಿ ಪಡೆಯುವ ಸುಲಭದ ದಾರಿಯನ್ನು ಕಲಿಸಿದರೆ ಆ ವರ್ತನೆ ತಗ್ಗುತ್ತದೆ. ನಮ್ಮ ಥೆರಪಿಸ್ಟ್ ಮಾಡಿದ್ದು ಅದನ್ನೇ. 12,000 ರೂಪಾಯಿಯ ಸಾಮಾನ್ಯ ಟ್ಯಾಬ್‌ನಲ್ಲಿ ಚಿತ್ರ ಒತ್ತಿದರೆ ಮಾತು ಕೇಳುವ ಆ್ಯಪ್ ಹಾಕಿ, ಪರದೆಯ ಮೇಲೆ ಎರಡೇ ಎರಡು ಚಿತ್ರ ಇಟ್ಟರು: ‘ಬೊಡು’ (ಬೇಕು) ಮತ್ತು ‘ಬೊಡ್ಚಿ’. ಬೇಡದ್ದು ಎದುರಿಗೆ ಬಂದಾಗ ಅವನ ಕೈ ಬಾಯಿಗೆ ಹೋಗುವ ಮುನ್ನವೇ ಮೊಣಕೈ ಹಿಡಿದು ಚಿತ್ರದ ಕಡೆಗೆ ನಡೆಸುವುದು, ಒತ್ತಿದ ಕ್ಷಣವೇ ಅದನ್ನು ತೆಗೆದುಬಿಡುವುದು, ದಿನ ಕಳೆದಂತೆ ನಮ್ಮ ಕೈಯನ್ನು ಹಿಂದೆಗೆಯುತ್ತ ಬರುವುದು. ಹನ್ನೊಂದನೆಯ ದಿನ, ಊಟದ ಹೊತ್ತಿನಲ್ಲಿ, ಯಾರೂ ಮುಟ್ಟದೆ, ಅವನಾಗಿಯೇ ಹೋಗಿ ‘ಬೊಡ್ಚಿ’ ಒತ್ತಿದ. ನಾನು ಬಡಿಸುತ್ತಿದ್ದ ತೊಂಡೆಕಾಯಿ ಪಲ್ಯವನ್ನು ವಾಪಸು ಪಾತ್ರೆಗೆ ಹಾಕಿ ಒಳಗೆ ಹೋಗಿ ಅತ್ತೆ. ಕೈ ಕಚ್ಚಿಕೊಳ್ಳುವುದು ಅಂದೇ ನಿಂತಿತೆಂದು ಹೇಳಲಾರೆ; ಮೂರು ತಿಂಗಳಲ್ಲಿ ದಿನಕ್ಕೆ ಹದಿನೈದಿಪ್ಪತ್ತು ಸಲವಿದ್ದದ್ದು ಒಂದೆರಡಕ್ಕೆ ಇಳಿಯಿತು. ಅದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಮಗು ಕಲಿತ ಮೊದಲ ಮಾತು ‘ಬೇಡ’ ಎಂಬುದನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ವರ್ತನಾ ಚಿಕಿತ್ಸೆಯ ಇತಿಹಾಸದಲ್ಲಿ ಹೆಮ್ಮೆಪಡಲಾಗದ ಪುಟಗಳಿವೆ. ಈ ಚಿಕಿತ್ಸೆಗೆ ಹೆಸರು ತಂದ ಐವಾರ್ ಲೋವಾಸ್ ಅವರ 1987ರ ಅಧ್ಯಯನದಲ್ಲಿ 19 ಮಕ್ಕಳಿಗೆ ವಾರಕ್ಕೆ 40 ಗಂಟೆಯ ತರಬೇತಿ ಕೊಡಲಾಗಿತ್ತು. ಗಟ್ಟಿಯಾಗಿ ಗದರುವುದು, ತೊಡೆಗೆ ಹೊಡೆಯುವುದು ಕೂಡ ಅದರ ಭಾಗವಾಗಿದ್ದವು. ಕಣ್ಣಲ್ಲಿ ಕಣ್ಣಿಟ್ಟು ನೋಡು, ಕೈ ಆಡಿಸಬೇಡ, ಸುಮ್ಮನೆ ಕೂರು ಎಂದು ತಮ್ಮನ್ನು ತಿದ್ದಿದ ನೋವನ್ನು ಆಟಿಸಂ ಇರುವ ವಯಸ್ಕರು ಇಂದು ತಾವೇ ಹೇಳುತ್ತಿದ್ದಾರೆ, ಅದನ್ನು ನಾವು ಕೇಳಿಸಿಕೊಳ್ಳಬೇಕು. ನನ್ನ ಮಗ ಸಂತೋಷವಾದಾಗ ಎರಡೂ ಕೈಗಳನ್ನು ಗಾಳಿಯಲ್ಲಿ ಬೀಸುತ್ತಾನೆ. ಅದರಿಂದ ಯಾರಿಗೂ ಕೇಡಿಲ್ಲ, ಅದನ್ನು ನಿಲ್ಲಿಸಲು ಒಂದು ರೂಪಾಯಿಯೂ ಖರ್ಚಾಗಬಾರದು. ಜಿಲ್ಲಾಡಳಿತ ಯಾವುದೇ ಉಪಕರಣ ಕೊಳ್ಳುವ ಮುನ್ನ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಮಗುವನ್ನು ನಮಗೆ ಅನುಕೂಲವಾಗುವಂತೆ ಬಗ್ಗಿಸುತ್ತದೆಯೋ ಅಥವಾ ಮಗುವಿಗೆ ನಮ್ಮನ್ನು ತಡೆಯುವ ಶಕ್ತಿಯನ್ನೂ ಕೊಡುತ್ತದೆಯೋ ಎಂಬುದು.

ಟ್ಯಾಬ್ ಕೊಟ್ಟರೆ ಬರುವ ಮಾತೂ ನಿಂತುಹೋಗುತ್ತದೆ ಎಂದು ನಮಗೆ ಹೇಳದವರಿಲ್ಲ. ಕೆಲವು ವೈದ್ಯರೂ ಹೇಳಿದ್ದಾರೆ. ಈ ಭಯ ಸುಳ್ಳೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಬೆಳವಣಿಗೆಯ ತೊಂದರೆಗಳಿರುವವರ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2006ರ ಒಂದು ವಿಮರ್ಶೆಯಲ್ಲಿ, ಗಟ್ಟಿ ಪುರಾವೆಯಿದ್ದ 27 ಪ್ರಕರಣಗಳ ಪೈಕಿ ಒಂದರಲ್ಲೂ ಇಂಥ ಸಾಧನಗಳಿಂದ ಬಾಯಿಮಾತು ಕಡಿಮೆಯಾಗಿರಲಿಲ್ಲ; ಹೆಚ್ಚಿನವರಲ್ಲಿ ಅಷ್ಟಿಷ್ಟಾದರೂ ಹೆಚ್ಚಾಗಿತ್ತು. 2014ರಲ್ಲಿ ಅಮೆರಿಕದ ಸಂಶೋಧಕಿ ಕೋನಿ ಕಸಾರಿ ಮತ್ತು ಸಂಗಡಿಗರು 5ರಿಂದ 8 ವರ್ಷದ, ಮಾತು ಬಹಳ ಕಡಿಮೆಯಿದ್ದ 61 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ, ಆಟ-ಒಡನಾಟದ ಥೆರಪಿಯ ಜೊತೆಗೆ ಮಾತಾಡುವ ಸಾಧನವನ್ನೂ ಮೊದಲಿನಿಂದಲೇ ಪಡೆದ ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತ್ತು. ಇಲ್ಲಿ ಗಮನಿಸಬೇಕಾದದ್ದು ‘ಜೊತೆಗೆ’ ಎಂಬ ಪದ. ಎದುರಿಗೆ ಮನುಷ್ಯರಿದ್ದರು; ಸಾಧನ ಮಗುವಿಗೂ ಅವರಿಗೂ ನಡುವೆ ಇತ್ತು. ಕಾರ್ಟೂನ್ ಹಾಕಿ ಮಗುವಿನ ಕೈಗೆ ಕೊಡುವ ಮೊಬೈಲಿಗೂ ಇದಕ್ಕೂ ಅಜಗಜಾಂತರ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಕೂತು ನೋಡುವ ಪರದೆಗೆ ಸಂಬಂಧಿಸಿದ್ದು. ಮಾತಾಡಲು ಬೇಕಾದ ಸಾಧನವನ್ನು ಅದೇ ಗಂಟೆಯ ಲೆಕ್ಕಕ್ಕೆ ಸೇರಿಸಿ ಶಾಲೆಯಲ್ಲಿ ಬೀರುವಿಗೆ ಹಾಕಿ ಬೀಗ ಹಾಕುವುದು ಮಗುವಿನ ಬಾಯಿಗೆ ಬೀಗ ಹಾಕಿದಂತೆ. ನನ್ನ ಮಗನ ಹಿಂದಿನ ಶಾಲೆಯಲ್ಲಿ ಹಾಗೆಯೇ ನಡೆದಿತ್ತು.

ಇನ್ನು ಭಾಷೆಯ ವಿಷಯ. ಭಾಷೆ ಕಲಿಸುವವಳಾದ್ದರಿಂದ ಇದರ ಬಗ್ಗೆ ಎರಡು ಮಾತು ಹೆಚ್ಚು ಬರೆಯುತ್ತೇನೆ, ದಯವಿಟ್ಟು ಓದಬೇಕು.

ನಮ್ಮ ಜಿಲ್ಲೆಯ ಮಗು ಮನೆಯಲ್ಲಿ ತುಳು ಕೇಳುತ್ತದೆ, ಇಲ್ಲವೇ ಕೊಂಕಣಿ, ಬ್ಯಾರಿ, ಕೊರಗ ಭಾಷೆ, ಉರ್ದು, ಕುಂದಾಪುರ ಕಡೆಯಾದರೆ ಕುಂದಗನ್ನಡ. ಶಾಲೆಯಲ್ಲಿ ಗ್ರಂಥಸ್ಥ ಕನ್ನಡ, ಥೆರಪಿಯಲ್ಲಿ ಇಂಗ್ಲಿಷ್. ಮಾತು ಸುಲಭವಾಗಿ ಹತ್ತುವ ಮಕ್ಕಳು ಮೂರನ್ನೂ ನುಂಗಿ ಜೀರ್ಣಿಸಿಕೊಳ್ಳುತ್ತಾರೆ. ಒಂದೊಂದು ಪದವನ್ನೂ ನೂರು ಸಲ ಕಲಿಯಬೇಕಾದ ಮಗುವಿಗೆ, ಆ ಪದ ದಿನವಿಡೀ ಕಿವಿಗೆ ಬೀಳುವ ಪದವೇ ಆಗಿರಬೇಕು. ನಮಗೆ ಮೊದಲು ಸಿಕ್ಕ ಆ್ಯಪ್‌ನಲ್ಲಿ ಬರ್ಗರ್ ಇತ್ತು, ಹಿಮದ ಮನುಷ್ಯನಿದ್ದ; ಗಂಜಿ ಇರಲಿಲ್ಲ, ನೀರುದೋಸೆ ಇರಲಿಲ್ಲ, ಕೊಡೆ ಇತ್ತಾದರೂ ನಮ್ಮ ಆರು ತಿಂಗಳ ಮಳೆ ಇರಲಿಲ್ಲ. ಭಾರತದಲ್ಲೇ ಒಳ್ಳೆಯ ಕೆಲಸ ನಡೆದಿದೆ: ಚೆನ್ನೈಯಲ್ಲಿ ರೂಪುಗೊಂಡ ಆವಾಜ್, ಐಐಟಿ ಬಾಂಬೆಯಲ್ಲಿ ರೂಪುಗೊಂಡು ಉಚಿತವಾಗಿ ಸಿಗುವ ಜೆಲ್ಲೊ ನಮ್ಮ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದಂಥವು. ಆದರೂ ತುಳುವನ್ನು ತಾನಾಗಿ ಓದಿ ಹೇಳುವ ದನಿ ನಮ್ಮ ಟ್ಯಾಬ್‌ನಲ್ಲಿ ಇರಲಿಲ್ಲ. ದನಿಯನ್ನು ನಾವೇ ಧ್ವನಿಮುದ್ರಿಸಿ ಸೇರಿಸುವ ಸೌಕರ್ಯವಿದ್ದದ್ದರಿಂದ ಬಚಾವಾದೆವು. ಮೊದಲು ನನ್ನ ಅತ್ತೆಯವರ ದನಿಯಲ್ಲಿ ‘ನೀರ್’, ‘ಯಾವು’ (ಸಾಕು), ‘ಬಂಜಿ ಬೇನೆ’ (ಹೊಟ್ಟೆನೋವು) ಎಂದು ಮುದ್ರಿಸಿದೆವು. ಕೆಲವು ದಿನಗಳ ಬಳಿಕ ನನಗೇ ಅದು ಸರಿಕಾಣಲಿಲ್ಲ. 9 ವರ್ಷದ ಹುಡುಗನ ಮಾತು ಅಜ್ಜಿಯ ದನಿಯಲ್ಲಿ ಏಕೆ ಬರಬೇಕು? ಈಗ ಎಲ್ಲವೂ ಅವನ ದೊಡ್ಡಪ್ಪನ ಮಗನ ದನಿಯಲ್ಲಿವೆ. ಹೋದ ಆಷಾಢದಲ್ಲಿ ಒಂದು ರಾತ್ರಿ ಅವನು ಎದ್ದು ಬಂದು ‘ಬಂಜಿ ಬೇನೆ’ ಒತ್ತಿದ. ಹಿಂದಿನ ವರ್ಷಗಳಲ್ಲಾಗಿದ್ದರೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ನಾವು ಅದನ್ನು ಹಟವೆಂದು ತಿಳಿಯುತ್ತಿದ್ದೆವು.

ಹೀಗೆ ಪ್ರತಿ ಮನೆಯವರೂ ತಮ್ಮಷ್ಟಕ್ಕೆ ರಾತ್ರಿ ಕುಳಿತು ಪದ ಮುದ್ರಿಸುತ್ತಿರಬೇಕೇ? ಜಿಲ್ಲೆಯಲ್ಲಿ ಆಡುವ ಪ್ರತಿ ಮನೆಮಾತಿನಲ್ಲಿ ಮುನ್ನೂರು ನಾನೂರು ಪದಗಳನ್ನು, ನಮ್ಮ ಊರಿನ ಚಿತ್ರಗಳ ಸಮೇತ, ಹುಡುಗ ಮತ್ತು ಹುಡುಗಿ ಇಬ್ಬರ ದನಿಯಲ್ಲಿಯೂ ಸಿದ್ಧಪಡಿಸಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ವಾಕ್-ಶ್ರವಣ ಶಿಕ್ಷಣ ಕೊಡುವ ಕಾಲೇಜುಗಳು ಮಣಿಪಾಲದಲ್ಲೂ ಮಂಗಳೂರಿನಲ್ಲೂ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಅನುಭವ ಅರ್ಧ ಶತಮಾನಕ್ಕೂ ಮೀರಿದ್ದು. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಮಂಗಳೂರಿನಲ್ಲೇ ಇವೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವುದು ಪೋಷಕರಾದ ನಮ್ಮಿಂದ ಆಗದು, ತಮ್ಮಿಂದ ಆಗುತ್ತದೆ. ಕೊರಗ ಸಮುದಾಯದ ಮಕ್ಕಳ ಪದಗಳು ಅವರದೇ ದನಿಯಲ್ಲಿ ಬರಬೇಕು ಎಂಬುದನ್ನು ಯಾರೂ ಮರೆಯದಂತೆ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೊಂದು ಮುಖ್ಯ ಅಂಶ: ಇದೆಲ್ಲ ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು. ಘಟ್ಟದ ಬುಡದ ನಮ್ಮಂಥ ಊರುಗಳಲ್ಲಿ ಜೂನ್‌ನಿಂದ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ಮಗುವಿನ ಮಾತು ಅವುಗಳ ಜೊತೆ ಹೋಗಬಾರದು.

ಥೆರಪಿಯನ್ನು ಮನೆಗೆ ತಲುಪಿಸುವ ಬಗೆಗೂ ದಾರಿ ಇದೆ, ಅದೂ ನಮ್ಮ ಕರಾವಳಿಯಲ್ಲೇ. ಬ್ರಿಟನ್ನಿನಲ್ಲಿ 152 ಮಕ್ಕಳ ಮೇಲೆ ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟವಾದ ಒಂದು ವಿಧಾನದಲ್ಲಿ, ತಾಯಿಯೋ ತಂದೆಯೋ ಮಗುವಿನೊಡನೆ ಆಡುವುದನ್ನು ಕೆಲವು ನಿಮಿಷ ವಿಡಿಯೊ ಮಾಡಿ, ಆಮೇಲೆ ಥೆರಪಿಸ್ಟ್ ಮತ್ತು ಪೋಷಕರು ಜೊತೆಯಾಗಿ ಕೂತು ಅದನ್ನು ನೋಡುತ್ತಾರೆ. ಇಲ್ಲಿ ಮಗು ಏನನ್ನೋ ನೋಡಿತು, ನೀವು ಕಾಯಲಿಲ್ಲ. ಇಲ್ಲಿ ಕಾದಿರಿ, ಅದು ತಿರುಗಿ ನಿಮ್ಮತ್ತ ನೋಡಿತು. ಇದೇ ವಿಧಾನವನ್ನು ದಕ್ಷಿಣ ಏಷ್ಯಾಕ್ಕೆ ಹೊಂದಿಸಿ, ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಕುಟುಂಬಗಳಲ್ಲಿ, ತಜ್ಞರಲ್ಲದ ಆದರೆ ತರಬೇತಾದ ಆರೋಗ್ಯ ಕಾರ್ಯಕರ್ತರ ಮೂಲಕ ನಡೆಸಿ ನೋಡಲಾಯಿತು. 2016ರಲ್ಲಿ ಅದರ ವರದಿ ಬಂತು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಬದಲಾಗಿತ್ತು, ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಹೆಚ್ಚಿತ್ತು. ಎಲ್ಲವೂ ಏರಿತೆಂದಲ್ಲ, ಇಬ್ಬರೂ ಒಂದೇ ವಸ್ತುವಿನತ್ತ ಒಟ್ಟಿಗೆ ಗಮನ ಕೊಡುವ ಹೊತ್ತು ಸ್ವಲ್ಪ ಇಳಿದಿತ್ತು. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ, ಹಾಗಾಗಿಯೇ ನನಗೆ ಅದರ ಮೇಲೆ ನಂಬಿಕೆ. ಇಡೀ ಥೆರಪಿಯ ಮುಖ್ಯ ತಂತ್ರಜ್ಞಾನ ಒಂದು ಕ್ಯಾಮೆರಾ! ಅದು ಈಗ ಜಿಲ್ಲೆಯ ಪ್ರತಿ ಅಂಗನವಾಡಿ ಕಾರ್ಯಕರ್ತೆಯ ಮೊಬೈಲಿನಲ್ಲಿದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಇದೆ. ಕೇಂದ್ರ ಇರುವುದು ಜಿಲ್ಲಾ ಕೇಂದ್ರದಲ್ಲಿ, ಮಗು ಇರುವುದು ಬೈಂದೂರಿನ ಆಚೆ ಅಥವಾ ನಮ್ಮ ಹೆಬ್ರಿಯ ಕಾಡಂಚಿನಲ್ಲಿ. ವಾರಕ್ಕೆರಡು ದಿನ ಕೂಲಿ ಬಿಟ್ಟು ಬರಲು ಸಾಧ್ಯವಿಲ್ಲದವರು ಮೂರನೆಯ ತಿಂಗಳಿಗೆ ಬರುವುದನ್ನು ನಿಲ್ಲಿಸುತ್ತಾರೆ. ಅವರಿಗೆ ಆಸಕ್ತಿಯಿಲ್ಲ ಎಂದು ಯಾರೂ ಬರೆದುಕೊಳ್ಳಬಾರದು. ಪ್ರತಿ ತಾಲೂಕಿನಲ್ಲಿ ಕೆಲವು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಸರಿಯಾದ ತರಬೇತಿ ಕೊಟ್ಟು, ಅದಕ್ಕೆ ಬೇರೆಯಾಗಿ ಗೌರವಧನ ನಿಗದಿಪಡಿಸಿ, ಅವರ ಹಿಂದೆ ಜಿಲ್ಲಾ ಕೇಂದ್ರದ ಥೆರಪಿಸ್ಟ್ ವಿಡಿಯೊ ಕರೆಯಲ್ಲಿ ನಿಲ್ಲುವಂತೆ ಮಾಡಿದರೆ, ತಿಂಗಳಿಗೊಮ್ಮೆ ಮಾತ್ರ ಪಟ್ಟಣಕ್ಕೆ ಬಂದರೆ ಸಾಕಾಗುತ್ತದೆ. ಗೌರವಧನದ ಮಾತನ್ನು ಬಿಡಬೇಡಿ. ಈಗಿರುವ ಕೆಲಸದ ಮೇಲೆ ಇನ್ನೊಂದು ಹೊರೆ ಹೊರಿಸಿದರೆ ಅದು ಕಾಗದದಲ್ಲಷ್ಟೇ ನಡೆಯುತ್ತದೆ.

ಮೊಬೈಲ್ ಕ್ಯಾಮೆರಾ ಇನ್ನೂ ಬೇರೆ ರೀತಿಯಲ್ಲಿ ನಮಗೆ ಒದಗಿದೆ. ಮಗ ಬಸ್ ಹತ್ತಲು ಹೆದರುತ್ತಿದ್ದ. ಕಂಡಕ್ಟರ್ ಸೀಟಿ ಊದಿದರೆ ನೆಲಕ್ಕೆ ಕೂತುಬಿಡುತ್ತಿದ್ದ. ಅವನ ಅಣ್ಣ ಬಸ್ಸಿಗೆ ಕೈ ತೋರಿಸುವುದು, ಹತ್ತುವುದು, ಸೀಟಿ ಕೇಳಿದಾಗ ಕಿವಿ ಮುಚ್ಚಿಕೊಳ್ಳುವುದು, ಇಳಿಯುವುದು, ಇಷ್ಟನ್ನು 50 ಸೆಕೆಂಡಿನ ವಿಡಿಯೊ ಮಾಡಿ ದಿನಕ್ಕೆರಡು ಸಲ ತೋರಿಸಿದೆವು. ಮಾಡುವುದನ್ನು ತೋರಿಸಿ ಕಲಿಸುವ ಈ ಕ್ರಮ ವರ್ತನಾ ಚಿಕಿತ್ಸೆಯಲ್ಲಿ ಹಳೆಯದು, ಪುರಾವೆಯಿರುವುದು. ಮೂರು ವಾರಕ್ಕೆ ಅವನು ಕಿವಿ ಮುಚ್ಚಿಕೊಂಡು ಹತ್ತಿದ. ಆಟದಲ್ಲಿ ಗೆದ್ದಾಗ ಅವನಿಗೆ ಬೇಕಾದ ಬಹುಮಾನ ಆ್ಯಪ್‌ನ ನಕ್ಷತ್ರವಲ್ಲ, ಹತ್ತು ಸೆಕೆಂಡಿನ ಚೆಂಡೆಯ ಸದ್ದು. ಅದನ್ನು ಕಂಡುಕೊಂಡದ್ದು ಅವನ ಅಜ್ಜ.

ರೋಬೋಟ್‌ಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ. ಇಂಗ್ಲೆಂಡಿನ ಹರ್ಟ್‌ಫೋರ್ಡ್‌ಶೈರ್ ವಿಶ್ವವಿದ್ಯಾಲಯದ ಕ್ಯಾಸ್ಪರ್‌ನಂಥ ಗೊಂಬೆ-ರೋಬೋಟ್‌ಗಳ ಮುಖದಲ್ಲಿ ಭಾವ ಕಡಿಮೆ, ಚಲನೆ ಊಹಿಸಬಲ್ಲಂಥದ್ದು. ಮನುಷ್ಯರ ಮುಖದ ಗೊಂದಲಕ್ಕೆ ಹೆದರುವ ಮಗುವಿಗೆ ಅದು ಹಿತವಾಗಬಹುದು. ಸಂಶೋಧನೆ ಮಾಡುವ ಸಂಸ್ಥೆಗಳು ಮಾಡಲಿ. ಆದರೆ ಸಾರ್ವಜನಿಕ ಹಣದಲ್ಲಿ ಸಾಲಿನ ಮೊದಲಿಗೆ ಅದು ನಿಲ್ಲಕೂಡದು. ಯಾವ ಉಪಕರಣ ಕೊಂಡರೂ ಅದರ ಜೊತೆ ಅದನ್ನು ಬಳಸುವವರ ಸಂಬಳಕ್ಕೂ ಕನಿಷ್ಠ ಮೂರು ವರ್ಷದ ಹಣ ಇದೆಯೇ ಎಂದು ನೋಡದೆ ಮಂಜೂರಾತಿ ಕೊಡಬೇಡಿ.

ಮಕ್ಕಳ ವಿಡಿಯೊ ಎಲ್ಲಿಗೆ ಹೋಗುತ್ತದೆ ಎಂಬ ಚಿಂತೆ ನನ್ನನ್ನು ಬಹಳ ಕಾಡಿದೆ. ಅಳುತ್ತಿರುವ, ಬಟ್ಟೆ ಕಿತ್ತೆಸೆಯುತ್ತಿರುವ ಮಗುವಿನ ದೃಶ್ಯ ಅದು. ಒಂದು ಕೇಂದ್ರದವರು ನನ್ನ ಮಗನ ವಿಡಿಯೊವನ್ನು ‘ಬದಲಾವಣೆಯ ಕಥೆ’ ಎಂದು ಜಾಹೀರಾತಿಗೆ ಹಾಕಿದ್ದರು. ತೆಗೆಸಲು ಎರಡು ತಿಂಗಳು ಓಡಾಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ಜಿಲ್ಲೆಯ ಯೋಜನೆಯಲ್ಲಿ ವಿಡಿಯೊ ಪೋಷಕರ ಮೊಬೈಲಿನಲ್ಲೇ ಉಳಿಯಲಿ, ಚರ್ಚೆ ಮುಗಿದ ಮೇಲೆ ಕೇಂದ್ರದ ಪ್ರತಿ ಅಳಿಯಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೆ ನಿಷಿದ್ಧವಾಗಲಿ.

ನಾನು ಕೇಳುತ್ತಿರುವುದು ದಾನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು, ಶೇ. 40 ಅಥವಾ ಅದಕ್ಕೆ ಮೇಲ್ಪಟ್ಟ ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿಗಳ ಜೊತೆ ಸೂಕ್ತ ಸಹಾಯಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಅದರ 17ನೆಯ ಕಲಂ ಹೇಳುತ್ತದೆ. ಕಿವುಡು ಮಗುವಿಗೆ ಶ್ರವಣ ಸಾಧನ ಹೇಗೋ ಮಾತು ಬಾರದ ಮಗುವಿಗೆ ಈ ಟ್ಯಾಬ್ ಹಾಗೆ. ಏಳೂ ತಾಲೂಕುಗಳಲ್ಲಿ ಗ್ರಂಥಾಲಯದ ಪುಸ್ತಕದಂತೆ ಟ್ಯಾಬ್ ಎರವಲು ಕೊಟ್ಟು, ಆರು ತಿಂಗಳು ಬಳಸಿ ನೋಡಿ, ಒಗ್ಗಿದ ಮಗುವಿಗೆ ಸ್ವಂತದ್ದು ಕೊಡುವ ಏರ್ಪಾಡಾದರೆ ಕೊಂಡದ್ದು ಮೂಲೆ ಸೇರುವುದೂ ತಪ್ಪುತ್ತದೆ.

ನಮ್ಮ ಮನೆಯ ಟ್ಯಾಬ್‌ನಲ್ಲಿ ಈಗ 164 ತುಳು ಪದಗಳಿವೆ. ಚಿತ್ರಗಳನ್ನೂ ದನಿಗಳನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಮಗನ ಮುಖವಿರುವ ಚಿತ್ರಗಳನ್ನು ತೆಗೆದಿದ್ದೇನೆ. ದನಿ ಕೊಟ್ಟ ಹುಡುಗನೂ ಅವನ ತಾಯಿ-ತಂದೆಯೂ ಒಪ್ಪಿ ಸಹಿ ಮಾಡಿದ್ದಾರೆ. ಯಾವ ಕಚೇರಿಗೆ, ಯಾರ ಕೈಗೆ ಒಪ್ಪಿಸಬೇಕೆಂದು ತಿಳಿಸಿದರೆ ಯಾವುದೇ ಶನಿವಾರ ಮಧ್ಯಾಹ್ನದ ಮೇಲೆ ಮಣಿಪಾಲದ ಜಿಲ್ಲಾಡಳಿತ ಸಂಕೀರ್ಣಕ್ಕೆ ತಂದುಕೊಡುತ್ತೇನೆ. ಮಗನೂ ಜೊತೆಗೆ ಬರುತ್ತಾನೆ, ಬಸ್ಸಿನಲ್ಲೇ.

ಇಂತು ತಮ್ಮ ವಿಶ್ವಾಸಿ,
ಹೆಬ್ರಿ ತಾಲೂಕಿನ ಒಬ್ಬ ತಾಯಿ